ಧರಣೇಂದ್ರ ಮಾಸ್ತರರ ಹದಿಮೂರನೇ ಪಾಸ್

ಇಂಗ್ಲಿಷರು ದೇಶವನ್ನೇನೋ ಗೆದ್ದುಕೊಂಡರು, ಆದರೆ ಅವರ ಭಾಷೆಯನ್ನು ಗೆಲ್ಲುವ ಕೆಲಸ ಇಚಲಕರಂಜಿಯ ಧರಣೇಂದ್ರ ಮಾಸ್ತರರಿಗಾಗಿಯೇ ಕಾದು ಕೂತಿತ್ತು! ಹಾಗೆಂದು ಬೇರೆ ಯಾರೂ ಹೇಳಿರಲಿಲ್ಲ, ಮಾಸ್ತರರೇ ಹೇಳಿಕೊಂಡಿದ್ದರು. ಇಡೀ ಭಾಷೆಯನ್ನು ಒಂದೇ ಪೆಟ್ಟಿಗೆ ಕೆಡವುವುದು ಕಷ್ಟ. ಅದಕ್ಕೆ ಒಂದು ಶಬ್ದ ಹಿಡಿಯುವುದು, ಅದರ ಅರ್ಥಗಳನ್ನೆಲ್ಲ ಒಂದೂ ತಪ್ಪಿಸಿಕೊಳ್ಳದಂತೆ ಬರೆಯುವ ವಹಿಯೊಳಗೆ ಕೂಡಿಹಾಕುವುದು, ಆಮೇಲೆಯೇ ಮುಂದಿನ ಶಬ್ದಕ್ಕೆ ಕೈಹಾಕುವುದು ಎಂದು ೧೯೪೧ರ ಜನವರಿ ಒಂದನೇ ತಾರೀಖು ಸಂಕಲ್ಪ ಮಾಡಿದರು. ಮೊದಲು ಸಿಕ್ಕ ಶಬ್ದ ‘ಪಾಸ್’.

ಅದೇ ಸಿಗಲು ಕಾರಣವಿತ್ತು. ಹಿಂದಿನ ತಿಂಗಳು ಕೋಲ್ಹಾಪುರದ ಸ್ಟೇಷನ್ನಿನ ಬಾಗಿಲಲ್ಲಿ ಟಿಕೀಟು ನೋಡುವವನು “ಪಾಸ್ ಆಹೇ ಕಾ?”, ರೈಲಿನ ಪಾಸ್ ಇದೆಯೇ, ಎಂದು ಮರಾಠಿಯಲ್ಲಿ ಕೇಳಿದಾಗ ಮಾಸ್ತರರು ಎದೆಯುಬ್ಬಿಸಿ “ಮ್ಯಾಟ್ರಿಕ್” ಎಂದಿದ್ದರು. ಹಿಂದೆ ನಿಂತವರು ನಕ್ಕ ನಗು ಇನ್ನೂ ಕಿವಿಯಲ್ಲಿತ್ತು. ಆದರೆ ಅವಮಾನಕ್ಕಿಂತ ಅವರನ್ನು ಹೆಚ್ಚು ಕಾಡಿದ್ದು ಕುತೂಹಲ. ಚೋಟುದ್ದದ ಒಂದು ಶಬ್ದ ಊರಿಗೊಂದು ವೇಷ ಹಾಕಿಕೊಂಡು ತಿರುಗುವುದೆಂದರೇನು?

ಹುಡುಕುತ್ತ ಹೋದಂತೆ ವೇಷಗಳು ಸಿಕ್ಕುತ್ತಲೇ ಹೋದವು. ನಾಟಕ ಕಂಪನಿಯವರು ಫುಕಟ್ ಕೊಡುವುದು ಒಂದು ಪಾಸ್. ಫುಟ್‌ಬಾಲಿನವರು ಕಾಲಿನಿಂದ ಕಾಲಿಗೆ ದಾಟಿಸುವುದು ಇನ್ನೊಂದು. ಭೂಗೋಳದಲ್ಲಿ ನೋಡಿದರೆ ಗುಡ್ಡಗಳ ನಡುವಿನ ದಾರಿ. ಗಡಹಿಂಗ್ಲಜದ ವಕೀಲ ಗೆಳೆಯ ಕಾರ್ಡು ಬರೆದು, ಸಭೆಯಲ್ಲಿ ಕೈಯೆತ್ತಿದರೆ ಠರಾವು ಪಾಸಾಗುತ್ತದೆಂದು ತಿಳಿಸಿದ. ಇಸ್ಪೀಟಿನಲ್ಲಿ ಎಲೆ ಹಾಕದೆ ಸುಮ್ಮನಿರುವವನೂ ಪಾಸ್ ಅನ್ನುತ್ತಾನೆ. ಇದನ್ನು ಯಾರ ಹತ್ತಿರ ಕಲಿತರೆಂದು ಮಾಸ್ತರರು ಮನೆಯಲ್ಲಿ ಹೇಳಲಿಲ್ಲ. ಜನವರಿ ಮುಗಿಯುವುದರೊಳಗೆ ಲೆಕ್ಕ ಹನ್ನೊಂದಕ್ಕೆ ಬಂತು.

“ಅಲ್ರಿ, ಒಂದ ಶಬ್ದಕ್ಕ ಹನ್ನೊಂದ ಅರ್ಥ ಹುಡಕೀರಿ,” ಎಂದಳು ಹೆಂಡತಿ ಶಾಲನ. “ಪ್ಯಾಟಿಯಿಂದ ಬೆಲ್ಲ ತರ್ರಿ ಅಂತ ನಾ ಹೇಳಿದ್ದಕ್ಕ ಇರೂದು ಒಂದ ಅರ್ಥ. ಅದು ಹೆಂಗ ನಿಮಗ ತಿಳೀಲಿಲ್ಲ?”

ಇಂಥ ಮನುಷ್ಯನ ಕೈಗೆ ಆ ಶನಿವಾರ ಶಾಲನ ಒಂದು ದೊಡ್ಡ ಕೆಲಸ ಒಪ್ಪಿಸಬೇಕಾಯಿತು. ಅವಳ ತಂಗಿ ಅಲಕಾ ಕನ್ಯಾಶಾಲೆಗೆಂದು ಇವರ ಮನೆಯಲ್ಲೇ ಇದ್ದಳು. ಅವಳನ್ನು ನೋಡಲು ದಾನೋಳಿಯ ಜಿನಗೊಂಡ ಪಾಟೀಲರು ಬರುವವರಿದ್ದರು. ಅವರ ಮಗ ಅಭಯಕುಮಾರನನ್ನು ಅಲಕಾ ನಾಂದಣಿಯ ಮಠದಲ್ಲಿ ಒಮ್ಮೆ ನೋಡಿದ್ದಳು. ಅಂದಿನಿಂದ ಬೇರೆ ಯಾವ ಹುಡುಗನ ಹೆಸರೆತ್ತಿದರೂ ಅವಳಿಗೆ ತಲೆ ನೋಯುತ್ತಿತ್ತು. ಎಲ್ಲ ಕೂಡಿಬಂದಿತ್ತು, ಇದ್ದದ್ದು ಒಂದೇ ಹೆದರಿಕೆ. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಪಾಟೀಲರಂತೂ ನೀರನ್ನೂ ಮುಟ್ಟುವವರಲ್ಲ. ಊಟಕ್ಕೆ ಹೊತ್ತು ಮೀರಿಸಿದರೆಂದು ಹಿಂದೆ ಒಂದು ಸಂಬಂಧವನ್ನೇ ಬಿಟ್ಟು ಎದ್ದುಬಂದಿದ್ದರೆಂದು ಸುದ್ದಿ.

“ಐದೂವರಿಗೆ ಎಲಿ ಹಾಕಿರತೇನಿ,” ಎಂದಳು ಶಾಲನ. “ಮೋಟಾರ್ ಸ್ಟ್ಯಾಂಡಿನಿಂದ ನೆಟ್ಟಗ ಮನೀಗಿ ಕರಕೊಂಡ ಬರ್ರಿ. ಆ ವಹಿ ಇಲ್ಲೇ ಇಟ್ಟ ಹೋಗ್ರಿ.”

“ಇಡತೇನಿ,” ಎಂದರು ಮಾಸ್ತರರು, ವಹಿಯನ್ನು ಕೋಟಿನ ಒಳಜೇಬಿಗೆ ಸೇರಿಸುತ್ತ.

ಮೋಟಾರು ಹೊತ್ತಿಗೆ ಸರಿಯಾಗಿ ಬಂತು. ಪಾಟೀಲರು ಇಳಿದರು. ಕೆಂಪು ರುಮಾಲು, ಬೆಳ್ಳನೆಯ ಮೀಸೆ, ಕೈಯಲ್ಲಿ ಕೊಡೆ. ನಮಸ್ಕಾರವಾಯಿತು, ಕುಶಲವಾಯಿತು, ಇನ್ನೂ ಐದು ಹೊಡೆದಿರಲಿಲ್ಲ. ಮನೆ ಹತ್ತು ನಿಮಿಷದ ದಾರಿ. ಅಷ್ಟರಲ್ಲಿ ಪಾಟೀಲರ ಕಣ್ಣು ಮಾಸ್ತರರ ಎದೆಯ ಮೇಲೆ ಉಬ್ಬಿದ್ದ ಜೇಬಿಗೆ ಬಿತ್ತು.

“ಅದೇನ್ರಿ ಮಾಸ್ತರ?”

ಬೇರೆ ಯಾರಾದರೂ ಆಗಿದ್ದರೆ ಏನಿಲ್ಲ ಅನ್ನುತ್ತಿದ್ದರು. ಮಾಸ್ತರರು ವಹಿ ತೆಗೆದು ಓದಿಯೇಬಿಟ್ಟರು, ಒಂದರಿಂದ ಹನ್ನೊಂದರ ತನಕ. ಪಾಟೀಲರು ನಡೆಯುವುದನ್ನು ನಿಲ್ಲಿಸಿದರು. ಆಚಾರದಲ್ಲಿ ಎಷ್ಟು ಬಿಗಿಯೋ, ಹೊಸದನ್ನು ಕೇಳುವುದರಲ್ಲಿ ಮನುಷ್ಯ ಅಷ್ಟೇ ಸಡಿಲ ಎಂದು ಯಾರಿಗೆ ಗೊತ್ತಿತ್ತು?

“ನನ್ನ ಕಡೆನೂ ಒಂದ ಐತ್ರಿ,” ಎಂದರು. “ಹ್ವಾದ ವರ್ಷ ಕೋಲ್ಹಾಪುರದ ಪ್ರದರ್ಶನಕ್ಕ ನಮ್ಮ ಹೋರಿ ಒಯ್ದಿದ್ದೆ. ದನದ ಡಾಕ್ಟರ ಬಂದ, ಬಾಯಿ ತಗಸಿದ, ಹಲ್ಲ ಎಣಿಸಿದ, ಬೆನ್ನ ಮ್ಯಾಲ ಹೊಡದು ಪಾಸ್ ಅಂದ.”

ಮಾಸ್ತರರು ಅಲ್ಲೇ ಒಂದು ಕಟ್ಟೆಯ ಮೇಲೆ ಕೂತು ಹನ್ನೆರಡು ಎಂದು ಬರೆದುಕೊಂಡರು. ಬರೆಯುವ ಖುಷಿಯಲ್ಲಿ ನಾಲಗೆ ಜಾರಿತು. “ಇನ್ನ ಇವತ್ತ ನಮ್ಮ ಅಲಕಾನ್ನೂ ನೀವು ಪಾಸ್ ಮಾಡಿದ್ರ—”

“ಹಲ್ಲ ಎಣಸೂದಿಲ್ಲ ಬಿಡ್ರಿ,” ಎಂದು ಪಾಟೀಲರು ಹೊಟ್ಟೆ ಹಿಡಿದು ನಕ್ಕರು.

ಅಲ್ಲಿಗಾದರೂ ಎದ್ದು ಮನೆಗೆ ಹೋಗಬಹುದಿತ್ತು. ಆದರೆ ಮಗ್ಗಗಳ ಖಟಖಟ ಕೇಳಿ ಪಾಟೀಲರು ಕೊಡೆಯನ್ನು ಆ ಕಡೆ ಚಾಚಿದರು. “ಇಷ್ಟ ಅರಿವಿ ನೇಯತಾರಲ್ಲ, ಇವರ ಕಡೆ ಪಾಸ್ ಇಲ್ಲೇನ್ರಿ?”

ಒಂದು ತಿಂಗಳಿಂದ ದಿನಾ ಆ ದಾರಿಯಲ್ಲಿ ಓಡಾಡಿದ ಮಾಸ್ತರರಿಗೆ ಇದು ಹೊಳೆದೇ ಇರಲಿಲ್ಲ! ಇಬ್ಬರೂ ಮಗ್ಗದ ಶೆಡ್ಡಿನೊಳಗೆ ನುಗ್ಗಿದರು. ಅಲ್ಲಿಯ ಮುಖ್ಯ ನೇಕಾರ ಸಿದ್ದರಾಯ ಬನಹಟ್ಟಿ ಕಡೆಯವನು. ಪ್ರಶ್ನೆ ಕೇಳಿದ್ದೇ ತಡ, ಉಬ್ಬಿಹೋದ.

“ಇಲ್ದ ಏನ್ರಿ? ಪಾಸ್ ಆಗದ ಒಂದ ತುಂಡೂ ಹೊರಗ ಹೋಗಂಗಿಲ್ಲ. ಬರ್ರಿ, ತೋರಸ್ತೇನಿ.”

ಪಡುವಣ ಕಿಟಕಿಯ ಮುಂದೆ ಒಂದು ಅಡ್ಡಗೋಲಿನ ಮೇಲೆ ಧೋತರದ ಬಟ್ಟೆ ಇಳಿಬಿಟ್ಟಿತ್ತು. ಸಿದ್ದರಾಯ ಅದನ್ನು ಮೊಳ ಮೊಳ ಎಳೆಯುತ್ತ ಹೋದ. ಹಿಂದಿನಿಂದ ಬೆಳಕು ಬಿದ್ದಾಗ ಕಡಿದ ಎಳೆ, ಬಿಟ್ಟುಹೋದ ಎಳೆ, ಗಂಟು ಎಲ್ಲ ಕಣ್ಣಿಗೆ ಹೊಡೆಯುತ್ತಿದ್ದವು. ತಪ್ಪಿಲ್ಲದ ತುಂಡಿಗೆ ಠಸ್ಸೆ ಬಿದ್ದರೆ ಪಾಸ್, ಹದಿಮೂರನೆಯದು. ಪಾಟೀಲರು ಮೂಗನ್ನು ಬಟ್ಟೆಗೆ ತಾಗಿಸಿ “ಇಲ್ಲೊಂದ ತಪ್ಪೈತಿ” ಎಂದರೆ, ಮಾಸ್ತರರು “ಇಲ್ಲಿ ಎರಡ ಅದಾವ” ಎಂದರು. ಒಂದು ತುಂಡಾಯಿತು, ಎರಡಾಯಿತು, ಏಳಾಯಿತು. ಮಾಸ್ತರರಿಗೆ ತಮ್ಮ ಇಡೀ ಆಯುಷ್ಯದಲ್ಲಿ ಇಷ್ಟು ಚಂದದ ಸಂಜೆ ಸಿಕ್ಕಿರಲಿಲ್ಲ.

ಎಂಟನೆಯ ತುಂಡನ್ನು ಸಿದ್ದರಾಯ ಅರ್ಧಕ್ಕೇ ಸುತ್ತಿಟ್ಟ.

“ಇವತ್ತಿಗಿ ಸಾಕ್ರಿ. ಬಿಜಲಿ ದೀಪಕ್ಕ ತಪ್ಪ ಕಾಣಂಗಿಲ್ಲ. ಹೊತ್ತ ಮುಳಗಿತು.”

ಮಾಸ್ತರರು ಪಾಟೀಲರ ಮುಖ ನೋಡಿದರು. ಪಾಟೀಲರು ಕಿಟಕಿ ನೋಡಿದರು. ಮಗ್ಗಗಳು ಮಾತ್ರ ಖಟಖಟ ಅನ್ನುತ್ತಲೇ ಇದ್ದವು.

ಮನೆಯ ಬಾಗಿಲಲ್ಲಿ ಶಾಲನ ನಿಂತಿದ್ದಳು. ಒಳಗೆ ಎಲೆ, ಎಲೆಯ ತುದಿಗೆ ಉಪ್ಪು, ಬುಟ್ಟಿಯ ತುಂಬ ಹೋಳಿಗೆ. ಅಲಕಾ ಹೊಸ ಸೀರೆಯಲ್ಲಿ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ಅವಳ ಕಣ್ಣು ಕೆಂಪಾಗಿತ್ತು. ಅದನ್ನು ಕಂಡು ಮಾಸ್ತರರಿಗೆ ಹದಿಮೂರೂ ಅರ್ಥಗಳು ಆ ಕ್ಷಣ ಮರೆತುಹೋದವು.

ಪಾಟೀಲರು ಕೈಕಾಲು ತೊಳೆದು, ಜಪಮಾಲೆ ಹಿಡಿದು ಪಡಸಾಲೆಯಲ್ಲಿ ಕೂತುಬಿಟ್ಟರು. ಅವರಿಗೆ ಬಿದ್ದ ಉಪವಾಸ ಮನೆಯವರಿಗೂ ಬಿತ್ತು. ಇಷ್ಟಾಗಿ, ಇಂದಿನ ಹೋಳಿಗೆಯನ್ನು ನಾಳೆಗೆ ಇಡುವ ಹಾಗೂ ಇಲ್ಲ; ರಾತ್ರಿ ಕಳೆದ ಅಡಿಗೆಯನ್ನು ಪಾಟೀಲರು ಮೂಸಿಯೂ ನೋಡುವವರಲ್ಲ. ಶಾಲನ ಬುಟ್ಟಿಯನ್ನು ಗಂಡನ ತಲೆಯ ಮೇಲೆ ಹೊರಿಸಿದಳು.

“ಆ ಶೆಡ್ಡಿನವರಿಗಿ ಕೊಟ್ಟ ಬರ್ರಿ. ಅವರಾದ್ರೂ ಉಣ್ಣಲಿ. ಮತ್ತ ನಿಮ್ಮ ವಹಿಯಾಗ ಉಪಾಸ ಅಂತ ಬರಕೋರಿ. ಅದರಾಗೂ ಒಂದ ಪಾಸ್ ಐತಿ.”

ಮರುದಿನ ಹೊತ್ತು ಮೂಡಿ ಬೇಳೆ ಬೆಂದ ಮೇಲೆ ಒಳಕಲ್ಲಿನ ಸದ್ದು ಕೇಳಿತು. ಹೂರಣ ರುಬ್ಬುತ್ತಿದ್ದವರು ಮ್ಯಾಟ್ರಿಕ್ ಪಾಸಾದ ಧರಣೇಂದ್ರ ಮಾಸ್ತರರು. ಬಾಗಿಲಲ್ಲಿ ಸಿದ್ದರಾಯ ಖಾಲಿ ಬುಟ್ಟಿ ಹಿಡಿದು ಬಂದು ನಿಂತಿದ್ದ.

“ಹೋಳಿಗಿ ಭಾಳ ಚಲೋ ಆಗಿದ್ದೂರಿ ಮಾಸ್ತರ. ಇನ್ನೊಂದ ಶಬ್ದ ಯಾವಾಗ ತರ್ತೀರಿ ಅಂತ ನಮ್ಮ ಮಂದಿ ಕೇಳಾಕತ್ತಾರ.”

ಒಳಗಿನಿಂದ ಶಾಲನ ಕೆಮ್ಮಿದಳು. ಸಿದ್ದರಾಯ ಬುಟ್ಟಿ ಇಟ್ಟು ಮಾಯವಾದ.

ಪಾಟೀಲರು ಬಸದಿಗೆ ಹೋಗಿ ಬಂದು ಎಲೆಯ ಮುಂದೆ ಕೂತರು. ಅಲಕಾ ಬಡಿಸಿದಳು, ಗಡಿಬಿಡಿಯಲ್ಲಿ ತುಪ್ಪ ಎಲೆಯ ಹೊರಗೆ ಬಿತ್ತು. ಪಾಟೀಲರು ಒಂಬತ್ತು ಹೋಳಿಗೆ ಮುಗಿಸುವ ತನಕ ತಲೆ ಎತ್ತಲಿಲ್ಲ. ಆಮೇಲೆ ಕೈತೊಳೆದು, ಮೀಸೆ ಒರೆಸಿಕೊಂಡು ಶಾಲನಳ ಕಡೆ ತಿರುಗಿದರು.

“ಹುಡುಗಿ ನಮಗ ಒಪ್ಪಿಗಿ ಐತಿ ನೋಡವ್ವ. ನಿನ್ನೀದು ತಪ್ಪ ಯಾರದಂದ್ರ ಅರ್ಧಾ ನಂದ. ಆದ್ರ ಒಂದ ಶರತ್ತ ಐತಿ.”

ಮಾಸ್ತರರು ಹೂರಣ ಮೆತ್ತಿದ ಕೈಯಲ್ಲೇ ಹೊರಬಂದು ನಿಂತರು.

“ಮದುವಿ ದಿನ ನನ್ನನ್ನ ಊಟಕ್ಕ ಕರಿಯಾಕ ಮಾಸ್ತರೊಬ್ಬರನ್ನ ಬಿಟ್ಟ ಯಾರನ್ನರ ಕಳಸ್ರಿ. ಇವರು ಬಂದ್ರಂದ್ರ ನಾ ಮತ್ತ ಶಬ್ದದ ಅರ್ಥ ಕೇಳಕೋತ ನಿಂತಬಿಡತೇನಿ.”