ಚಾ ನೀರು ಮತ್ತು ಹೊಸ ಇಂಜಿನ್

ಕಾರಿನ ಬಾನೆಟ್ಟು ಎತ್ತಿ ನಿಲ್ಲಿಸಿದರೆ ಸಾಕು, ನಮ್ಮ ಕಡೆ ಸಲಹೆಗೆ ಬರವಿಲ್ಲ. ದಾರಿಯಲ್ಲಿ ಹೋಗುವವರೂ ಒಮ್ಮೆ ಒಳಗೆ ಇಣುಕಿ, ಏನಾದರೊಂದು ಹೇಳಿಯೇ ಮುಂದೆ ಹೋಗುತ್ತಾರೆ. ಕಳೆದ ಬೇಸಿಗೆಯಲ್ಲಿ ನನಗೆ ಹೀಗೆ ಸಿಕ್ಕಿದ ಸಲಹೆಗಳಲ್ಲಿ ಕೆಲವು ಇಲ್ಲಿವೆ.

ಕಾರು ನಮ್ಮನೆಯವರದು. ಅವರು ತೀರಿಹೋಗಿ ಒಂದು ವರ್ಷ ಕಳೆದಿತ್ತು. ಅವರಿದ್ದಾಗ ನಾನು ಬಸ್ಸಿನಲ್ಲೇ ಶಾಲೆಗೆ ಹೋಗುತ್ತಿದ್ದೆ. ಕಾರು ಅಂಗಳದಲ್ಲಿ ಸುಮ್ಮನೆ ನಿಲ್ಲಬಾರದೆಂದು ಆಮೇಲೆ ಓಡಿಸಲು ಕಲಿತೆ. ವಂಡ್ಸೆಯ ಮನೆಯಿಂದ ಕುಂದಾಪುರದ ಶಾಲೆಗೆ, ಶಾಲೆಯಿಂದ ಮನೆಗೆ, ಅಷ್ಟೇ. ಸಂಜೆ ಕಾರು ಮನೆಯ ಕೆಳಗಿನ ರಸ್ತೆಯ ಮೋರಿ ಸೇತುವೆ ದಾಟುವಾಗಲೇ ಅದರ ಗುಡುಗುಡು ಸದ್ದು ಅಡುಗೆಮನೆಗೆ ಕೇಳುತ್ತದೆ. ಅತ್ತೆ ಆಗ ಚಾಕ್ಕೆ ನೀರಿಡುತ್ತಾರೆ. ಮಗ ಬರುವಾಗಲೂ ಹಾಗೆಯೇ ಇಡುತ್ತಿದ್ದರು.

ಆ ಕಾರು ಹೊಗೆ ಬಿಡತೊಡಗಿತು. ಹಳೆ ಇಂಜಿನ್ನನ್ನೇ ರಿಪೇರಿ ಮಾಡಿಸುವುದೋ, ಹೆಚ್ಚು ಶಕ್ತಿಯ ಬೇರೆ ಇಂಜಿನ್ ಕೂರಿಸುವುದೋ ಎಂಬ ಪ್ರಶ್ನೆ ಬಂತು. ಬೇರೆಯದನ್ನು ಹಾಕಿದರೆ ಮೋರಿಯ ಹತ್ತಿರ ಆ ಸದ್ದು ಇರುವುದಿಲ್ಲ ಎಂಬುದೊಂದೇ ನನ್ನ ಅಳುಕು. ಅದನ್ನು ಯಾರಿಗೂ ಹೇಳಲಿಲ್ಲ.

ಗ್ಯಾರೇಜಿನಲ್ಲಿ

ಕುಂದಾಪುರದ ಮೆಕ್ಯಾನಿಕ್ ಕಾರನ್ನು ಪೂರ್ತಿ ನೋಡಿ ಕೈ ಒರೆಸಿಕೊಂಡರು.

"ಇದ್ ಪೆಟ್ರೋಲಿಗಿಂತ ಆಯಿಲ್ ಜಾಸ್ತಿ ಕುಡಿತಿತ್ತ್ ಟೀಚರೆ. ನನ್ ಹತ್ರ ಆಕ್ಸಿಡೆಂಟ್ ಆದ ಕಾರಿನ ಇಂಜಿನ್ ಒಂದ್ ಇತ್ತ್. ಡಬ್ಬಲ್ ಪವರ್. ಅದನ್ನ ಹಾಕ್ವಾ?"

"ಡಬ್ಬಲ್ ಪವರ್ ಇದ್ದರೆ ಏನು ಪ್ರಯೋಜನ?"

"ಎಂತ ಹೀಂಗ್ ಕೇಳ್ತ್ರಿ? ಓವರ್‌ಟೇಕ್ ಮಾಡುಕೆ ಸುಲಭ ಆತ್ತ್. ಈಗ ನೀವ್ ಹ್ಯಾಂಗ್ ಓವರ್‌ಟೇಕ್ ಮಾಡ್ತ್ರಿ?"

ನಾನು ಯೋಚಿಸಿ ನಿಜವನ್ನೇ ಹೇಳಿದೆ. "ಇದುವರೆಗೆ ಒಂದು ರೋಡ್ ರೋಲರನ್ನು ದಾಟಿದ್ದೇನೆ. ಅದು ನಿಂತಿತ್ತು."

ಅವರು ಬಾನೆಟ್ಟನ್ನು ಮೆಲ್ಲಗೆ ಮುಚ್ಚಿದರು.

"ಹಾಂಗಾರೆ ನಿಮ್ಗೆ ಈಗ ಇಪ್ಪ ಪವರೇ ಜಾಸ್ತಿ ಆಯ್ತ್."

ಮೈದುನನ ಅಳತೆ

ಮೈದುನನಿಗೆ ಬೈಂದೂರಿನಲ್ಲಿ ಮೊಬೈಲ್ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಇಂಜಿನ್ ಬದಲಿಸುವ ವೀಡಿಯೊ ನೋಡುತ್ತಾನೆ. ವಿಷಯ ತಿಳಿದದ್ದೇ ಭಾನುವಾರ ಟೇಪು ಹಿಡಿದು ಬಂದ. ಬಾನೆಟ್ಟಿನೊಳಗೆ ಉದ್ದ ಅಳೆದ, ಅಗಲ ಅಳೆದ. ದೊಡ್ಡ ಇಂಜಿನ್ ಕೂರಲು ಜಾಗ ಸಾಲುತ್ತಿರಲಿಲ್ಲ. ಅವನು ಎದೆಗುಂದಲಿಲ್ಲ.

"ಬ್ಯಾಟ್ರಿ ಡಿಕ್ಕಿಗ್ ಹಾಕುದ್ ಅತ್ಗೆ. ರೇಡಿಯೇಟರ್ ದೊಡ್ದ್ ಬೇಕಾತ್ತ್."

"ಗೇರ್ ಬಾಕ್ಸ್?"

"ಹಳ್ತ್ ತಡ್ಕಂತಿಲ್ಲೆ. ಬೇರೆ ಹಾಕುದ್."

"ಬ್ರೇಕು?"

"ಅದೂ ಬೇರೆ. ಸಸ್ಪೆನ್ಷನ್ನೂ ಬೇರೆ, ಟಯರೂ ಬೇರೆ."

"ಹಾಗಾದರೆ ನಿನ್ನ ಅಣ್ಣನ ಕಾರಿನದು ಎಂದು ಏನು ಉಳಿಯುತ್ತದೆ?"

ಅವನು ಬಗ್ಗಿ ಎಲ್ಲವನ್ನೂ ಇನ್ನೊಮ್ಮೆ ನೋಡಿದ. ಅವನ ಮುಖ ಅರಳಿತು.

"ಹಾರ್ನ್ ಅತ್ಗೆ! ಹಾರ್ನ್ ಹಳ್ತೇ ಇರ್ತ್!"

ಹಾರ್ನ್ ಕೆಟ್ಟು ಎಷ್ಟೋ ಕಾಲವಾಗಿತ್ತು. ನಾನು ಕಿಟಕಿಯಿಂದ ಕೈ ಬೀಸಿ ಕೆಲಸ ನಡೆಸುತ್ತಿದ್ದೆ.

ಸ್ಟಾಫ್ ರೂಮಿನಲ್ಲಿ

ವಿಜ್ಞಾನದ ಮಾಸ್ಟ್ರು ಮಧ್ಯಾಹ್ನದ ಊಟ ಬಿಟ್ಟು ನನಗೆ ಅಶ್ವಶಕ್ತಿಯ ಪಾಠ ಮಾಡಿದರು. ಕುದುರೆಯ ಚಿತ್ರವನ್ನೂ ಬರೆದರು. ಅದು ನಾಯಿಯಂತೆ ಕಾಣುತ್ತಿತ್ತು. ಶಕ್ತಿ ಹೆಚ್ಚಾದಂತೆ ತಲುಪುವ ಸಮಯ ಕಡಿಮೆಯಾಗುತ್ತದೆ ಎಂದು ಮುಗಿಸುವಾಗ ಹೆಡ್‌ಮಿಸ್ ಬಾಗಿಲಲ್ಲಿ ನಿಂತಿದ್ದರು.

"ಶಾಲೆಗೆ ಬೇಗ ಬರಬೇಕಾದರೆ ಇಂಜಿನ್ ಬದಲಿಸಬೇಕೆಂದಿಲ್ಲ. ಮನೆಯಿಂದ ಸ್ವಲ್ಪ ಬೇಗ ಹೊರಟರೂ ಆಗುತ್ತದೆ" ಎಂದರು.

ನಾನು ಎಂದೂ ತಡವಾಗಿ ಹೋದವಳಲ್ಲ. ಆ ಮಾತನ್ನು ಅವರು ಮಾಸ್ಟ್ರ ಮುಖ ನೋಡಿಯೇ ಹೇಳಿದ್ದು.

ಬ್ರಹ್ಮಾವರದ ಕಾರು

"ಬಾಯಲ್ ಹೇಳ್ರೆ ನಿಮ್ಗ್ ನಂಬ್ಕಿ ಇಲ್ಲೆ ಅತ್ಗೆ, ಕೂತ್ಕಂಡೇ ಕಾಣಿ" ಎಂದು ಮೈದುನ ನನ್ನನ್ನು ಬ್ರಹ್ಮಾವರಕ್ಕೆ ಕರೆದುಕೊಂಡು ಹೋದ. ಅಲ್ಲಿ ಅವನ ಗೆಳೆಯನೊಬ್ಬ ತನ್ನ ಸಣ್ಣ ಕಾರಿಗೆ ದೊಡ್ಡ ಇಂಜಿನ್ ಹಾಕಿಸಿದ್ದ. ಸ್ಟಾರ್ಟ್ ಮಾಡಿದಾಗ ಪಕ್ಕದ ಹೋಟೆಲಿನ ಟೇಬಲ್ಲಿನ ಮೇಲಿದ್ದ ಲೋಟಗಳು ಅಲುಗಿದವು. ನಾನು ಬೆಲ್ಟು ಬಿಗಿದು ಮುಂದಿನ ಸೀಟಿನಲ್ಲಿ ಕೂತೆ. ಕಾರು ಹೈವೇಗೆ ಬಂತು.

ಮಾಬುಕಳ ಸೇತುವೆ ದಾಟಿದರೂ ಗೆಳೆಯ ನಲವತ್ತರ ಮೇಲೆ ಹೋಗಲಿಲ್ಲ. ನಮ್ಮನ್ನು ಮೀನಿನ ಟೆಂಪೊ ಒಂದು ದಾಟಿತು. ಆಮೇಲೆ ಇಬ್ಬರು ಕೂತ ಸ್ಕೂಟರ್ ದಾಟಿತು.

"ಇಂಜಿನ್ ಇನ್ನೂ ಬಿಸಿಯಾಗಬೇಕೇನೋ?" ಎಂದು ಕೇಳಿದೆ.

"ಅಲ್ಲ ಟೀಚರೆ. ಇಂಜಿನಿಗೆ ಖರ್ಚ್ ಮಾಡಿ ಮುಗ್ದ್ ಹೋಯ್ತ್, ಬ್ರೇಕ್ ಹಳ್ತೇ. ಬಿಟ್ರೆ ಬಾಣದ್ ಹಾಂಗ್ ಹೋತ್ತ್. ಸಾಲಿಗ್ರಾಮದಗ್ ನಿಲ್ಸಿ ಅಂದ್ರೆ ಮಾತ್ರ ಮುಂದಿನ್ ಊರ್ ಕೋಟದಗ್ ನಿಲ್ಲತ್ತ್."

ಅಷ್ಟರಲ್ಲಿ ಹಿಂದಿನಿಂದ ಸರ್ವಿಸ್ ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, "ಹ್ವಾಯ್! ಇಂಜಿನ್ ಇಲ್ಯಾ ಅದ್ರಗೆ?" ಎಂದು ಕೂಗಿಕೊಂಡೇ ಹೋದ.

ಅಡುಗೆಮನೆಯಲ್ಲಿ

ಇಷ್ಟಾದರೂ ಮೈದುನ ಬಿಡಲಿಲ್ಲ. ಅತ್ತೆಯನ್ನು ಒಪ್ಪಿಸಿದರೆ ನಾನೂ ಒಪ್ಪುತ್ತೇನೆಂದು ಅವನ ಲೆಕ್ಕ. ಅತ್ತೆ ಬಂಗುಡೆ ಸಾರಿಗೆ ಮಸಾಲೆ ಅರೆಯುತ್ತಿದ್ದರು. ಅವನು ಬಾಗಿಲಿಗೆ ಒರಗಿ ಹೊಸ ಇಂಜಿನ್ನಿನ ಗುಣಗಳನ್ನೆಲ್ಲ ಹೇಳಿದ. ಕೊನೆಗೆ, "ಸದ್ದೇ ಇಲ್ಲೆ ಅಮ್ಮ. ಕಾರ್ ಬಂದದ್ದೇ ನಿಂಗ್ ಗೊತ್ತಾತಿಲ್ಲೆ" ಎಂದ.

ಅತ್ತೆಯ ಕೈ ನಿಂತಿತು.

"ಬಂದದ್ ಗೊತ್ತಾತಿಲ್ಲೆ ಅಂದ್ರೆ ನಾನ್ ಚಾಕ್ಕೆ ಯಾವಾಗ ಇಡುದ್?"

"ಅತ್ಗೆ ಮೋರಿ ಹತ್ರ ಬಂದ್ ಫೋನ್ ಮಾಡ್ತ್ರ್."

"ಕಾರ್ ಬಿಡ್ತಾ ಫೋನ್ ಮಾಡುದಾ? ಮರ್ಯಾದಿಯಗೆ ಹೋತ್ಯಾ, ಇಲ್ಲ ಸಟ್ಗ ತಕಂತ್ನಾ?" ಎಂದು ಅತ್ತೆ ಸೌಟಿಗೆ ಕೈ ಚಾಚಿದರು.

ಹಳೆ ಇಂಜಿನ್ನನ್ನೇ ರಿಪೇರಿ ಮಾಡಿಸುವುದೆಂದು ಆ ದಿನ ತೀರ್ಮಾನವಾಯಿತು. ನಾನು ಬಾಯಿ ಬಿಡುವ ಅಗತ್ಯವೇ ಬೀಳಲಿಲ್ಲ. ಮೈದುನ ಊಟಕ್ಕೂ ನಿಲ್ಲದೆ ಹೋದ; ಸಾರಿನ ಪರಿಮಳ ಬಂದಾಗ ತಿರುಗಿ ಬಂದ.

ರಿಪೇರಿ

ಮೆಕ್ಯಾನಿಕ್ ಇಂಜಿನ್ ಬಿಚ್ಚಿ, ಕೆಲಸ ಮುಗಿಸಿ, ವಾರ ಬಿಟ್ಟು ಒಂದು ಸಂಜೆ ಕೀ ಕೊಟ್ಟರು. ಹೊಗೆ ಇರಲಿಲ್ಲ. ಹಾರ್ನ್ ಕೂಡ ಕೂಗುತ್ತಿತ್ತು. ನಾನು ಹೆಮ್ಮಾಡಿಯಲ್ಲಿ ತಿರುಗಿ, ಮೋರಿ ದಾಟಿ, ಅಂಗಳದಲ್ಲಿ ಕಾರು ನಿಲ್ಲಿಸಿದೆ. ದಾರಿಯುದ್ದಕ್ಕೂ ಏನೋ ಕಡಿಮೆಯಾದಂತೆ ಅನಿಸುತ್ತಿತ್ತು.

ಅತ್ತೆ ಜಗಲಿಯಲ್ಲಿ ಕಣ್ಣು ಮುಚ್ಚಿ, ರಸ್ತೆಯ ಕಡೆ ಕಿವಿಯಿಟ್ಟು ಕೂತಿದ್ದರು. ನಾನು ಎದುರು ಹೋಗಿ ನಿಂತು, "ಚಾ ಆಯಿತಾ ಅತ್ತೆ?" ಎಂದೆ.

"ತಡಿ ಮಗಾ. ಕಾರ್ ಇನ್ನೂ ಬರ್ಲಿಲ್ಲೆ" ಎಂದರು.

ಮರುದಿನ ಬೆಳಿಗ್ಗೆಯೇ ಗ್ಯಾರೇಜಿಗೆ ಹೋದೆ.

"ಇಂಜಿನ್ ಹಳೆಯದೇ ತಾನೆ? ಸದ್ದು ಎಲ್ಲಿ ಹೋಯಿತು?"

"ಅದ್ ಇಂಜಿನ್ ಸದ್ದಾ ಟೀಚರೆ? ಸೈಲೆನ್ಸರ್ ತುಕ್ಕ್ ಹಿಡ್ದ್ ತೂತ್ ಬಿದ್ದಿತ್ತ್. ನೀವ್ ಪಾಪ ಅಂದೇಳಿ ನಾನೇ ಹೊಸ್ತ್ ಹಾಕ್ದೆ. ಆ ತೂತ್ ಇದ್ರೆ ವಿಮಾನದ್ ಇಂಜಿನ್ ಹಾಕ್ರೂ ಅದೇ ಸದ್ದ್."

ಇಷ್ಟು ದಿನ ನಾನು ಕಾಪಾಡಿದ್ದು ಒಂದು ತೂತನ್ನು ಎಂದು ಆಗ ಗೊತ್ತಾಯಿತು. "ಹಾಗಾದರೆ ಹಳೆಯ ಸೈಲೆನ್ಸರನ್ನೇ ಹಾಕಿಕೊಡಿ" ಎಂದೆ.

ಅವರು ನನ್ನನ್ನು ನೋಡಿದರು. "ಸದ್ದ್ ಕಮ್ಮಿ ಮಾಡಿ ಅಂದ್ಕಂಡ್ ಎಲ್ಲರೂ ಬತ್ರ್. ಸದ್ದ್ ವಾಪಾಸ್ ಕೊಡಿ ಅಂದವ್ರ್ ನೀವೊಬ್ರೇ." ಹಾಗೆಂದು ಗುಜರಿ ರಾಶಿಯಿಂದ ಅದನ್ನು ಎಳೆದು ತೆಗೆದು, ಬೆಳಕಿಗೆ ಹಿಡಿದು, ಗಂಭೀರವಾಗಿ ಕೇಳಿದರು. "ಹಳೇ ತೂತೇ ಸಾಕಾ? ಇನ್ನೊಂದ್ ಮಾಡ್ಕಾ?"

"ಹಳೆಯದೇ ಸಾಕು."

ಆ ಸಂಜೆ ಮೋರಿ ದಾಟುವಾಗ ಸದ್ದು ಗುಡುಗುಡು ಎಂದು ಮನೆಯ ಕಡೆ ಹೋಯಿತು. ನಾನು ಕಾರು ನಿಲ್ಲಿಸಿ ಚೀಲ ತೆಗೆದುಕೊಂಡು ಮೆಟ್ಟಿಲು ಹತ್ತುವಷ್ಟರಲ್ಲಿ ಅತ್ತೆ ಚಾ ಲೋಟ ಹಿಡಿದು ಬಾಗಿಲಲ್ಲಿದ್ದರು.

"ಕಂಡ್ಯಾ?" ಎಂದರು. "ಇವತ್ತ್ ಸಮ ರಿಪೇರಿ ಮಾಡಿರ್."