ನಿಂಬೆಹಣ್ಣಿನ ಹಿಂದಿನ ಹಗ್ಗ

ತಲೆಯಾಡಿಸಿದವರಿಗೆಲ್ಲ ತಿಳಿದಿದೆ ಎಂದು ನಂಬಿಯೇ ನಾನು ಮೂವತ್ತೊಂದು ವರ್ಷ ರಾಣೆಬೆನ್ನೂರಿನಲ್ಲಿ ಇಂಗ್ಲಿಷ್ ಕಲಿಸಿದೆ. ಉತ್ತರಪತ್ರಿಕೆಗಳು ಬೇರೆಯೇ ಹೇಳುತ್ತಿದ್ದವು. ಆದರೆ ಉತ್ತರಪತ್ರಿಕೆಗೆ ಕುತ್ತಿಗೆ ಇಲ್ಲ, ಅದು ತಲೆಯಾಡಿಸುವುದಿಲ್ಲ. ಹಾಗಾಗಿ ಅದರ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹೋದ ಬೇಸಿಗೆಯಲ್ಲಿ ನನ್ನ ಈ ನಂಬಿಕೆಯಿಂದ ಒಬ್ಬ ಹುಡುಗಿಯ ಪ್ರಾಣ ಹೋಗುವುದರಲ್ಲಿತ್ತು. ಇದನ್ನು ಹೇಳಲು ಕೂತರೆ ಈಗಲೂ ಅಂಗೈ ಬೆವರುತ್ತದೆ. ಅಂಗೈ ಬೆವರುವುದಷ್ಟು ಖರೆ. ಉಳಿದದ್ದನ್ನು ನೆನಪು ನನ್ನ ಕಡೆಗೆ ಎಷ್ಟು ವಾಲಿಸಿಕೊಂಡಿದೆಯೋ, ಹೇಳಲಾರೆ.

ಮೋಟೆಬೆನ್ನೂರಿನಾಚೆ, ಹೆದ್ದಾರಿಯ ಪಕ್ಕದಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಥೀಮ್ ಪಾರ್ಕ್ ತೆರೆದಿದ್ದಾರೆ. ನಾವೆಲ್ಲ ಅವರನ್ನು ಸಾವಕಾರ್ರು ಎನ್ನುತ್ತೇವೆ. ನೀರಿನಾಟ, ಜಾರುಬಂಡೆ, ಸಿಮೆಂಟಿನ ಜಿರಾಫೆ ಎಲ್ಲ ಇದ್ದರೂ ಜನ ಸಾಲದೆಂದು ಬೇಸಿಗೆಯ ಮೂರು ತಿಂಗಳಿಗೆ ಉಜ್ಬೇಕಿಸ್ತಾನದಿಂದ ದಿಲ್ನೋಜಾ ಎಂಬ ಹುಡುಗಿಯನ್ನು ಕರೆಸಿದರು. ಕಬ್ಬಿಣದ ಕಮಾನಿನಿಂದ ಇಳಿಬಿಟ್ಟ ಹಗ್ಗವನ್ನು ಹತ್ತಿ, ಮೂವತ್ತು ಅಡಿ ಎತ್ತರದಲ್ಲಿ ಗಿರಗಿರ ತಿರುಗುವುದು ಆಕೆಯ ಕೆಲಸ. ಅದನ್ನು ನೋಡಲು ಹಾವೇರಿಯಿಂದ ಜನ ಬುತ್ತಿ ಕಟ್ಟಿಕೊಂಡು ಬರತೊಡಗಿದರು. ಆಕೆಗೂ ನಮಗೂ ನಡುವೆ ದುಭಾಷಿಯಾಗಲು, ನಿವೃತ್ತನಾಗಿದ್ದ ನನ್ನನ್ನು ಹಿಡಿದು ತಂದರು. “ಫಾರಿನ್ ಅಂದಮ್ಯಾಲ ಇಂಗ್ಲಿಷ್ ಬಂದ ಬರ್ತೈತಲ್ರಿ ಮಾಸ್ತರ?” ಎಂದು ಕೇಳಿದರು ಸಾವಕಾರ್ರು. ನಾನು ತಲೆಯಾಡಿಸಿದೆ.

ಮೊದಲ ದಿನವೇ ಆಕೆಗೆ ಪಾರ್ಕಿನ ನಿಯಮ, ಊಟದ ಹೊತ್ತು, ಜೊತೆಗೆ ಕಾಗಿನೆಲೆಯ ಮಹಿಮೆ ಎಲ್ಲವನ್ನೂ ಶುದ್ಧ ಇಂಗ್ಲಿಷಿನಲ್ಲಿ ಹೇಳಿದೆ. ಪ್ರತಿ ವಾಕ್ಯಕ್ಕೂ ಆಕೆ ತಲೆಯಾಡಿಸಿದಳು. ನನ್ನ ಇಡೀ ವೃತ್ತಿಯಲ್ಲಿ ಇಂಥ ವಿದ್ಯಾರ್ಥಿನಿ ಸಿಕ್ಕಿರಲಿಲ್ಲ. ಕೊನೆಗೆ ಮಾತು ಅನುವಾದಿಸುವ ಮೊಬೈಲನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. ನಾನಿರುವಾಗ ನಡುವೆ ಯಂತ್ರವೇ? ಅದನ್ನು ಮೆತ್ತಗೆ ಆಕೆಯ ಕೈಗೇ ಹಿಂದಿರುಗಿಸಿದೆ.

ಮೂರನೆಯ ವಾರ ಇರಬೇಕು. ನನ್ನ ಹೆಂಡತಿ ಎರಡನೆಯದು ಎನ್ನುತ್ತಾಳೆ. ದಿಲ್ನೋಜಾ ನನ್ನನ್ನು ಕಮಾನಿನ ಕೆಳಗೆ ಎಳೆದೊಯ್ದು, ಹಗ್ಗದ ಒಂದು ಜಾಗಕ್ಕೆ ಬೆರಳು ತೋರಿಸಿ, ಎರಡೂ ಕೈ ಹಿಸುಕಿಕೊಂಡಳು. ಮುಖ ಸುಣ್ಣದಂತಾಗಿತ್ತು. ಮತ್ತೆ ಆ ಮೊಬೈಲನ್ನು ಹೊರತೆಗೆದಳು, ನಾನು ಬೇಡವೆಂದು ಕೈಯಾಡಿಸಿದೆ. ನನಗೆ ತಕ್ಷಣ ಅರ್ಥವಾಯಿತು. ಅಷ್ಟು ಜನ ಬಾಯಿ ತೆರೆದು ನೋಡುವಾಗ ದೃಷ್ಟಿ ತಾಗದೆ ಇದ್ದೀತೇ?

“ಹುಡುಗಿ ಅಂಜ್ಯಾಳ್ರಿ. ದೃಷ್ಟಿ ಆಗೈತಿ,” ಎಂದೆ ಸಾವಕಾರ್ರಿಗೆ.

“ಹಂಗಾರ ಲಗೂನ ನಿಂಬಿಹಣ್ಣು ಕಟ್ಟ್ರಿ. ಮೆಣಸಿನಕಾಯಿ ಮಾತ್ರ ನಮ್ಮ ಬ್ಯಾಡಗೀವ ಹಾಕ್ರಿ, ಬಣ್ಣ ಛಲೋ ಕಾಣ್ತೈತಿ.”

ಒಂದು ನಿಂಬೆಹಣ್ಣು, ಏಳು ಕೆಂಪು ಮೆಣಸಿನಕಾಯಿ ಪೋಣಿಸಿಕೊಂಡು ನಾನೇ ಏಣಿ ಹತ್ತಿದೆ. ಆಕೆ ತೋರಿಸಿದ್ದ ಜಾಗಕ್ಕೇ ಬಿಗಿಯಾಗಿ ಕಟ್ಟಿದೆ. ಎತ್ತರವೆಂದರೆ ನನಗೆ ಭಯ, ಆದ್ದರಿಂದ ಕಟ್ಟುವಾಗ ಕಣ್ಣು ಮುಚ್ಚಿಕೊಂಡಿದ್ದೆ. ಕೆಳಗೆ ಆಕೆ ತಲೆಯ ಮೇಲೆ ಕೈ ಹೊತ್ತು ನಿಂತಿದ್ದಳು. ಕೃತಜ್ಞತೆಯನ್ನು ಅವರ ಕಡೆ ಹಾಗೆ ತೋರಿಸುತ್ತಾರೆಂದುಕೊಂಡೆ.

ಅಂದಿನಿಂದ ಆಕೆ ಹಗ್ಗ ಮುಟ್ಟಲಿಲ್ಲ. ಭಾನುವಾರ ಬಂತು, ಜನ ಕಿಕ್ಕಿರಿದರು. “ಹತ್ತಾಕ ಹೇಳ್ರಿ ಮಾಸ್ತರ, ಮಂದಿ ಒದರಾಕತ್ತಾರ,” ಎಂದು ಸಾವಕಾರ್ರು ಬೆವರು ಒರೆಸಿಕೊಂಡರು. ನಾನು ಧೈರ್ಯದ ಬಗ್ಗೆ ಇಂಗ್ಲಿಷಿನಲ್ಲಿ ಭಾಷಣ ಮಾಡಿದೆ. ಆಕೆ ಅಳುತ್ತಲೇ ತಲೆಯಾಡಿಸಿದಳು. ಕೊನೆಗೆ ಕಣ್ಣೊರೆಸಿಕೊಂಡು ಎದ್ದು ಹಗ್ಗಕ್ಕೆ ಕೈಯನ್ನೂ ಹಾಕಿದಳು.

ಅಷ್ಟರಲ್ಲಿ ಕ್ಯಾಂಟೀನಿನ ಕಡೆಯಿಂದ ಜೈತುನ್‌ಬಿ ಓಡಿಬಂದಳು. ನಮ್ಮ ಅಡುಗೆಯವಳು, ಅಕ್ಕನ ಮಗಳ ಮದುವೆಗೆಂದು ಬ್ಯಾಡಗಿಗೆ ಹೋಗಿದ್ದವಳು ಅಂದೇ ಮರಳಿದ್ದಳು. ಹುಡುಗಿ ಅವಳನ್ನು ತಬ್ಬಿಕೊಂಡು ಏನೇನೋ ಹೇಳಿದಳು. ಜೈತುನ್‌ಬಿ ಉರ್ದುವಿನಲ್ಲಿ ಕೇಳಿದಳು, ಹುಡುಗಿಯ ಮೊಬೈಲಿನ ಅನುವಾದಕ್ಕೆ ಕಿವಿ ಕೊಟ್ಟಳು, ಆಮೇಲೆ ನನ್ನ ಕಡೆ ತಿರುಗಿದಳು.

“ಮಾಸ್ತರ, ಹಗ್ಗ ಹರದೈತಿ ಅಂತ ಈ ಕೂಸು ನಾಕ್ ದಿನದಿಂದ ಬಡ್ಕೊಳ್ಳಾಕತ್ತೈತಿ. ನೀವೇನ್ ಮಾಡಾಕತ್ತಿದ್ರಿ?”

“ನನಗ ಇಂಗ್ಲಿಷ್‌ನ್ಯಾಗ ಹೇಳಬಹುದಿತ್ತಲ್ಲ?”

“ಆಕೀಗೆ ಇಂಗ್ಲಿಷ್ ಎಲ್ಲಿ ಬರ್ತೈತ್ರಿ! ಒಂದಕ್ಷರ ಬರೂದಿಲ್ಲ.”

“ಮತ್ತ ದಿನಾ ತಲಿ ಆಡಿಸ್ತಿದ್ದಳಲ್ಲ?”

“ವಯಸ್ಸಾದಾವ್ರು ಮಾತಾಡಾಕತ್ತಾರಂತ ಮರ್ಯಾದಿ ಕೊಟ್ಟಾಳ್ರಿ, ಪಾಪ. ನಾವು ಉಳ್ಳಾಗಡ್ಡಿ ಹೆಚ್ಚೂ ಮುಂದ ಪ್ಯಾಜ್, ಚಾ, ದೋಸ್ತ್ ಅಂದ್ರ ಆಕೀಗೆ ತಿಳೀತಿತ್ತು. ಅವ್ರ ಕಡೀನೂ ಹಂಗ ಅಂತಾರಂತ. ನಿಮ್ಮ ಮಾತು ಮಾತ್ರ ತಿಳೀಲಿಲ್ಲಂತ.”

ಹಗ್ಗ ಇಳಿಸಿದೆವು. ನಿಂಬೆಹಣ್ಣಿನ ಸರವನ್ನು ಬಿಚ್ಚಿದವಳು ಜೈತುನ್‌ಬಿ. ಅದರ ಕೆಳಗೆ, ನನ್ನ ಗಂಟು ಬಿಗಿದಿದ್ದ ಅದೇ ಜಾಗದಲ್ಲಿ, ಮೂರು ಎಳೆಗಳಲ್ಲಿ ಎರಡು ಹರಿದಿದ್ದವು. ಉಳಿದ ಎಳೆಯೂ ಸವೆದುಹೋಗಿತ್ತು. ಯಾರಾದರೂ ತಲೆಯೆತ್ತಿ ನೋಡಿದ್ದರೆ ಕಾಣುತ್ತಿದ್ದ ಜಾಗವನ್ನು ನಾನು ಅಂದವಾಗಿ ಮುಚ್ಚಿಟ್ಟಿದ್ದೆ. ಸಾವಕಾರ್ರು ಜಿರಾಫೆಯ ಕಾಲಬುಡದಲ್ಲಿ ಕುಸಿದು ಕೂತರು. ನನಗೆ ಕೂರಲೂ ಆಗಲಿಲ್ಲ. ರಾಣೆಬೆನ್ನೂರಿನಲ್ಲಿ ಈ ಕಥೆ ಹೇಳುವಾಗ ಹರಿದ ಹಗ್ಗವನ್ನು ಕಂಡುಹಿಡಿದವನು ನಾನೇ ಎಂದು ಎರಡು ಸಲ ಹೇಳಿದ್ದೇನೆ. ಎರಡನೆಯ ಸಲ ನನಗೂ ಅದು ನಿಜವೆನಿಸಿತು.

ಹೊಸ ಹಗ್ಗ ಬಂತು. ಆಟ ಶುರುವಾಗುವ ಮುಂಚೆ ದಿಲ್ನೋಜಾ ನನ್ನೆದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು, ನಿಧಾನವಾಗಿ ಒಂದು ಮಾತು ಕೇಳಿದಳು. ಎಷ್ಟು ಗೌರವದಿಂದ ಕೇಳಿದಳೆಂದರೆ ನಾನು ತಲೆಯಾಡಿಸಿದೆ. ಆಕೆ ನಕ್ಕು ಹಗ್ಗ ಹತ್ತತೊಡಗಿದಳು.

“ಏನಂದಳು?” ಎಂದೆ, ಆಕೆಯ ಮೊಬೈಲು ಹಿಡಿದು ನಿಂತಿದ್ದ ಜೈತುನ್‌ಬಿಗೆ.

“ಹೊಸಾ ಹಗ್ಗ ನೀವು ಕೈಯಾರೆ ಜಗ್ಗಿ ನೋಡೀರೇನು ಅಂತ ಕೇಳಿದಳ್ರಿ. ನೀವು ಹೂಂ ಅಂದ್ರಲ್ಲ.”

ನಾನು ಆ ಹಗ್ಗವನ್ನು ಮುಟ್ಟಿಯೂ ಇರಲಿಲ್ಲ. “ಇಳೀಬೇ ತಂಗಿ, ಇಳಿ! ನಾ ನೋಡಿಲ್ಲ!” ಎಂದು ಒದರುತ್ತ ಓಡಿದೆ. ಅಚ್ಚ ಕನ್ನಡ. ಆಕೆ ತಕ್ಷಣ ಇಳಿದಳು. ನಾನು ಏಣಿ ಹತ್ತಿ, ಈ ಸಲ ಕಣ್ಣು ತೆರೆದುಕೊಂಡು, ಹಗ್ಗವನ್ನು ಗೇಣುಗೇಣಾಗಿ ಹಿಸುಕಿ, ಜೋತುಬಿದ್ದು ನೋಡಿದೆ. ಗಟ್ಟಿಯಾಗಿತ್ತು. ಇದೂ ಆಟದ ಭಾಗವೆಂದುಕೊಂಡು ಹಾವೇರಿಯ ಜನ ಚಪ್ಪಾಳೆ ತಟ್ಟಿದರು.

ಕೆಳಗಿಳಿದಾಗ ಆಕೆ ಮತ್ತೇನೋ ಅಂದಳು. ಕುತ್ತಿಗೆ ಆಗಲೇ ಅಲುಗಿತ್ತು. ಕೈಯಿಂದ ಹಿಡಿದು ನಿಲ್ಲಿಸಿದೆ. “ನನಗ ತಿಳೀಲಿಲ್ಲವ್ವ,” ಎಂದೆ.

ದಿಲ್ನೋಜಾ ತಲೆಯಾಡಿಸಿದಳು.