ಬೈಗುಳಕ್ಕೊಂದು ಶ್ರೀಕಾರ

ಬೇರೆಯವರಿಗೆ ವರ್ಷಕ್ಕೊಮ್ಮೆ ಆಗುವ ಆಘಾತ ನನಗೆ ವಾರಕ್ಕೊಂದು ಆಗುತ್ತದೆ. ಸ್ವೀಡನ್ನಿನ ಲುಂಡ್‌ನಲ್ಲಿ ನಮ್ಮ ಎದುರು ಮನೆಗೆ ಅಮೆರಿಕದ ಕವಯಿತ್ರಿಯೊಬ್ಬರು ಬಂದ ಮೇಲಂತೂ ದಿನಕ್ಕೊಂದು. ಯಾವುದೋ ಸಾಹಿತ್ಯ ಸಂಸ್ಥೆಯವರು ಆಕೆಗೆ ಆರು ತಿಂಗಳು ಮನೆ ಕೊಟ್ಟು, ಕವಿತೆ ಬರೆಯಲು ಸಂಬಳವನ್ನೂ ಕೊಡುತ್ತಿದ್ದರು. ಮೊದಲ ಆಘಾತ ಅದೇ.

ಬರ್ತೀನಿ

ಪರಿಚಯ ಮಾಡಿಕೊಳ್ಳಲು ಹೋಗಿ, ಕಾಫಿ ಕುಡಿದು ಏಳುವಾಗ ‘ಹೋಗ್ತೀನಿ’ ಅನ್ನಬಾರದಲ್ಲ, ‘ಐ ವಿಲ್ ಕಮ್’ ಅಂದೆ. ಎರಡು ಗಂಟೆ ಬಿಟ್ಟು ಕಸ ಹಾಕಲು ಹೊರಬಂದರೆ ಆಕೆ ಬಾಗಿಲು ತೆರೆದಿಟ್ಟು, ಹೊಸ ಕಾಫಿ ಮಾಡಿಕೊಂಡು ಕಾಯುತ್ತಿದ್ದಾರೆ! ಅಂತೂ ಬಂದಿರಲ್ಲ ಎಂದರು. ಕಸದ ಚೀಲ ಹಿಡಿದೇ ಇನ್ನೊಂದು ಕಪ್ ಕುಡಿದೆ. ಈ ಸಲ ಏನೂ ಹೇಳದೆ ಓಡಿಬಂದೆ.

ಆಕೆಯ ಕೆಲಸ

ಒಂದು ದಿನ ನೋಡುತ್ತೇನೆ, ಆಕೆ ಕಸದ ರೂಮಿನಲ್ಲಿ ಕಾಗದದ ಡಬ್ಬಕ್ಕೆ ಭುಜದವರೆಗೆ ಕೈ ಹಾಕಿ ತಡಕಾಡುತ್ತಿದ್ದಾರೆ. ನನಗೆ ಸಂಕಟವಾಯಿತು. ಹೆಂಡತಿಗೆ ಹೇಳಿದೆ.

“ಪಾಪ, ಕವಿಗಳ ಕಥೆ ಎಲ್ಲಾ ಕಡೆ ಅಷ್ಟೇ ಕಣ್ರೀ” ಎಂದು ಅವಳು ಡಬ್ಬಿ ತುಂಬ ಬಿಸಿಬೇಳೆಬಾತ್ ಕಳಿಸಿದಳು.

ಕವಯಿತ್ರಿ ಚಪ್ಪರಿಸಿಕೊಂಡು ತಿಂದು ವಿಷಯ ಹೇಳಿದರು. ನಮ್ಮ ಬಿಲ್ಡಿಂಗಿನ ಬಟ್ಟೆ ಒಗೆಯುವ ರೂಮಿನಲ್ಲಿ ಜನ ಸಿಟ್ಟಿನ ಚೀಟಿ ಅಂಟಿಸುತ್ತಾರಲ್ಲ, ಬೈಸಿಕೊಂಡವರು ಅದನ್ನು ಹರಿದು ಎಸೆಯುತ್ತಾರಲ್ಲ, ಆ ಚೂರುಗಳನ್ನು ಆಯ್ದು ಜೋಡಿಸಿದರೆ ಅದೇ ಆಕೆಯ ಕವಿತೆಯಂತೆ. ಸಂಬಳ ಬರುವುದೇ ಇದಕ್ಕೆ ಎಂದು ಗೊತ್ತಾದ ಮೇಲೆ ಹೆಂಡತಿ ಡಬ್ಬಿ ವಾಪಸ್ ಕೇಳಿದಳು.

ಹೆಸರಿಲ್ಲದ ಚೀಟಿ

ಹಿಂದಿನ ವಾರ ನಾನೂ ಒಂದು ಚೀಟಿ ಅಂಟಿಸಿದ್ದೆ. ಇಲ್ಲಿ ಮುಖಕ್ಕೆ ಯಾರೂ ಏನೂ ಅನ್ನುವುದಿಲ್ಲ, ಹೆಸರು ಹಾಕದೆ ಬರೆಯುತ್ತಾರೆ. ಬಟ್ಟೆ ಒಣಗಿಸುವ ಮಷೀನಿನ ಫಿಲ್ಟರ್ ತುಂಬ ನಾಯಿಕೂದಲು ಬಿಟ್ಟು ಹೋಗುತ್ತಿದ್ದವರು ಸ್ವತಃ ಬಿಲ್ಡಿಂಗ್ ಸಂಘದ ಅಧ್ಯಕ್ಷೆ. ನಮ್ಮದೋ ಬಾಡಿಗೆ ಮನೆ. ಬಾಡಿಗೆಗಿರಲು ಸಂಘ ಕೊಟ್ಟ ಅನುಮತಿ ಮುಂದಿನ ತಿಂಗಳು ಮುಗಿಯುತ್ತದೆ, ಆಕೆ ಸಹಿ ಹಾಕದಿದ್ದರೆ ಮಗಳ ಸ್ಕೂಲು ಬಿಡಿಸಿ ಬೇರೆ ಮನೆ ಹುಡುಕಬೇಕು. ಅದಕ್ಕೇ ಅಕ್ಷರ ತಿರುಚಿ, ಸ್ವೀಡಿಷ್‌ನಲ್ಲಿ, ‘ಫಿಲ್ಟರ್ ಒರೆಸಲು ಕೈಗೇನಾಗಿದೆ?’ ಎಂದು ಬರೆದಿದ್ದೆ.

ವಾಚನ

ಕೊನೆಗೆ ಲೈಬ್ರರಿಯಲ್ಲಿ ಕವಯಿತ್ರಿಯ ಕವಿತಾವಾಚನ. ಇಡೀ ಬಿಲ್ಡಿಂಗ್ ಬಂದಿತ್ತು. ಅಧ್ಯಕ್ಷೆ ನನ್ನ ಪಕ್ಕದಲ್ಲೇ. ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ, ಚೂರು ಜೋಡಿಸಿದ ನನ್ನ ಚೀಟಿ ಮೂಡಿತು. ಹೆಸರಿಲ್ಲವಲ್ಲ ಎಂದು ಧೈರ್ಯ ತಂದುಕೊಂಡೆ.

ಕವಯಿತ್ರಿ ಚೀಟಿಯ ನೆತ್ತಿಯ ಮೇಲೆ ಬೆರಳಿಟ್ಟು, ಈ ಗುರುತೇನೆಂದು ತನಗೆ ಇವತ್ತಿಗೂ ತಿಳಿದಿಲ್ಲ, ಯಾರಿಗಾದರೂ ಗೊತ್ತೇ ಎಂದರು.

ನೋಡಿದೆ. ‘ಶ್ರೀ’.

ಒಂದನೇ ಕ್ಲಾಸಿನಿಂದ ಅದನ್ನು ಹಾಕದೆ ಯಾವ ಹಾಳೆಯ ಮೇಲೂ ಬರೆದವನಲ್ಲ. ಬೈಗುಳಕ್ಕೂ ಹಾಕಿಬಿಟ್ಟಿದ್ದೆ!

ನನ್ನ ಏಳು ವರ್ಷದ ಮಗಳು ಎದ್ದು ನಿಂತು, ಅಚ್ಚ ಸ್ವೀಡಿಷ್‌ನಲ್ಲಿ, “ಅದು ನಮ್ಮಪ್ಪಂದು. ತರಕಾರಿ ಲಿಸ್ಟಿಗೂ ಹಾಕ್ತಾರೆ. ಒಳ್ಳೇದಾಗ್ಲಿ ಅಂತ” ಎಂದಳು.

ಅಧ್ಯಕ್ಷೆ ನಿಧಾನವಾಗಿ ನನ್ನ ಕಡೆ ತಿರುಗಿದರು. ಮನೆ ಹೋಯಿತು ಅಂದುಕೊಂಡೆ.

ಮರುದಿನ ನಮ್ಮ ಬಾಗಿಲಿಗೆ ಚೀಟಿ. ‘ಫಿಲ್ಟರ್ ಒರೆಸಿದ್ದೇನೆ. ನಿಮ್ಮ ಅನುಮತಿಗೆ ಸಹಿ ಹಾಕಿದ್ದೇನೆ. ನಿಮ್ಮ ಒಗ್ಗರಣೆಯ ಘಾಟಿಗೆ ನನ್ನ ನಾಯಿ ಸೀನುತ್ತಿದೆ.’ ಮೇಲೆ ಸೊಟ್ಟಸೊಟ್ಟಗೆ, ಕಷ್ಟಪಟ್ಟು ಬಿಡಿಸಿದ ಒಂದು ‘ಶ್ರೀ’.

ಈಗ ನಮ್ಮ ಬಿಲ್ಡಿಂಗಿನಲ್ಲಿ ಯಾರು ಯಾರನ್ನು ಬೈಯುವುದಿದ್ದರೂ ಶ್ರೀಕಾರ ಹಾಕಿಯೇ ಶುರುಮಾಡುತ್ತಾರೆ.